ನಮೀಬಿಯಾದ ಮುಳ್ಳುಕಾಡಿನಲ್ಲಿ ಬೇಟೆ: ನನ್ನ ಅನುಭವ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂದು ನಮ್ಮ ದೇಶದಲ್ಲಿ ಹವ್ಯಾಸದ ಬೇಟೆಗೆ ಅವಕಾಶವಿಲ್ಲ. ಇರಬೇಕೆಂದು ನಾನು ಕೇಳುವವನೂ ಅಲ್ಲ. ನಮ್ಮ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ವನ್ಯಜೀವಿಧಾಮವಿದೆ. ನಾಲ್ಕು ಕೊಂಬಿನ ಆ ಪುಟ್ಟ ಪ್ರಾಣಿಗೆ ಇಂದು ಬೇಕಾಗಿರುವುದು ರಕ್ಷಣೆಯೇ ಹೊರತು ಗುಂಡಲ್ಲ. ಆದರೂ ರೈಫಲ್ ಹಿಡಿದು ಗುರಿ ಕಲಿತವನಾಗಿ, ಬೇಟೆಯನ್ನು ಕಾನೂನೇ ಒಪ್ಪಿ ನಿಯಂತ್ರಿಸುವ ಒಂದು ನಾಡಿನಲ್ಲಿ, ಬಲ್ಲವರ ಹಿಂದೆ ನಡೆದು, ಒಂದು ದೊಡ್ಡ ಪ್ರಾಣಿಯನ್ನು ಕ್ರಮವರಿತು ಬೇಟೆಯಾಡಬೇಕೆಂಬ ಆಸೆ ನನಗೆ ಬಹುಕಾಲದಿಂದ ಇತ್ತು. ಅದಕ್ಕೆ ನಾನು ಆರಿಸಿಕೊಂಡದ್ದು ನಮೀಬಿಯಾ. ಹೋಗಿ ಬಂದವನಾಗಿ ಹೇಳುವುದಾದರೆ, ಅಂಥ ಬೇಟೆಯ ಹೆಚ್ಚಿನ ಕೆಲಸ ವಿಮಾನ ಹತ್ತುವ ಮುನ್ನ ಊರಿನಲ್ಲಿಯೇ ನಡೆಯುತ್ತದೆ, ಕಾಗದದ ಮೇಲೆ ಸ್ವಲ್ಪ, ತೋಳು ಮತ್ತು ಕಣ್ಣಿನ ಮೇಲೆ ಬಹಳ.

ನಮೀಬಿಯಾವನ್ನೇ ಏಕೆ ಆರಿಸಿಕೊಂಡೆ ಎಂಬುದಕ್ಕೆ ಅಲ್ಲಿಯ ಕಾನೂನೇ ಕಾರಣ. 1975ರ ನಿಸರ್ಗ ಸಂರಕ್ಷಣಾ ಕಾನೂನು ಖಾಸಗಿ ಜಮೀನುದಾರರಿಗೆ ತಮ್ಮ ನೆಲದಲ್ಲಿ ಮೇಯುವ ಹಲವು ಕಾಡುಪ್ರಾಣಿಗಳ ಮೇಲೆ ಹಕ್ಕು ಕೊಟ್ಟಿತು. ದೇಶ 1990ರಲ್ಲಿ ಸ್ವತಂತ್ರವಾದ ಬಳಿಕ, 1996ರ ತಿದ್ದುಪಡಿ ಅದೇ ಬಗೆಯ ಹಕ್ಕನ್ನು ಸಮುದಾಯದ ಭೂಮಿಯಲ್ಲಿ ಬದುಕುವ ಹಳ್ಳಿಗರ ಸಂಘಟನೆಗಳಿಗೂ ವಿಸ್ತರಿಸಿತು. ಪ್ರಾಣಿಯಿಂದ ತನಗೆ ಆದಾಯವಿದೆ ಎಂದು ತಿಳಿದ ರೈತ ಅದಕ್ಕೆ ಮೇವು, ನೀರು ಉಳಿಸಿದ, ದನದ ಸಂಖ್ಯೆಯನ್ನು ತಗ್ಗಿಸಿದ. ಈ ವ್ಯವಸ್ಥೆಯನ್ನು ಒಪ್ಪದವರಿದ್ದಾರೆ, ಹಣ ತಲುಪಬೇಕಾದ ಕೈಗೆ ಎಲ್ಲ ಕಡೆಯೂ ತಲುಪುವುದಿಲ್ಲ ಎಂಬ ಅವರ ಮಾತಿನಲ್ಲಿ ತೂಕವೂ ಇದೆ. ಆದರೆ ನಮ್ಮ ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳು ತುಂಡುತುಂಡಾಗಿ ಕರಗಿದ್ದನ್ನು ಕಂಡ ನನಗೆ, ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿಯಲು ಅದರಿಂದ ಯಾರಿಗಾದರೂ ಹೊಟ್ಟೆಪಾಡು ನಡೆಯಬೇಕು ಎಂಬ ಅಲ್ಲಿಯ ತರ್ಕ ಸುಲಭವಾಗಿ ತಳ್ಳಿಹಾಕುವಂಥದ್ದು ಅನ್ನಿಸಲಿಲ್ಲ.

ಬೇಟೆ ಸಂಸ್ಥೆಯನ್ನು ಆರಿಸುವಾಗ ನಾನು ದರಪಟ್ಟಿಗಿಂತ ಮೊದಲು ಪ್ರಶ್ನೆಗಳ ಪಟ್ಟಿ ಕಳಿಸಿದೆ. ಎಷ್ಟು ಹೆಕ್ಟೇರ್ ನೆಲ, ಅದಕ್ಕೆ ಎತ್ತರದ ಬೇಲಿ ಇದೆಯೇ, ಪ್ರಾಣಿಗಳು ಅಲ್ಲಿಯೇ ಹುಟ್ಟಿ ಬೆಳೆದವೇ ಅಥವಾ ಹರಾಜಿನಲ್ಲಿ ಕೊಂಡು ತಂದು ಬಿಟ್ಟವೇ, ನನ್ನೊಂದಿಗೆ ನಡೆಯುವ ಗೈಡ್ ಯಾವ ದರ್ಜೆಯ ನೋಂದಣಿ ಹೊಂದಿದ್ದಾನೆ, ವಾಹನದ ಮೇಲಿನಿಂದ ಗುಂಡು ಹಾರಿಸುವ ಪದ್ಧತಿ ಇದೆಯೇ, ಗಾಯಗೊಂಡ ಪ್ರಾಣಿ ಸಿಗದೆ ಹೋದರೆ ಲೆಕ್ಕ ಹೇಗೆ. ಅಲ್ಲಿ ವಿದೇಶಿಯೊಬ್ಬ ತಾನಾಗಿ ಕಾಡಿಗೆ ಹೋಗಿ ಬೇಟೆಯಾಡುವಂತಿಲ್ಲ. ಸರ್ಕಾರದ ಪರೀಕ್ಷೆ ಪಾಸಾಗಿ ನೋಂದಾಯಿಸಿಕೊಂಡ ಗೈಡ್ ಜೊತೆಗಿರಲೇಬೇಕು; ಅವರಲ್ಲಿಯೂ ಆನೆ, ಕಾಡೆಮ್ಮೆಯಂಥ ಅಪಾಯದ ಪ್ರಾಣಿಗಳಿಗೆ ಬೇರೆಯೇ ಅರ್ಹತೆ ಬೇಕು. ನನ್ನ ಪ್ರಶ್ನೆಗಳಿಗೆ ಕೆಲವರು ಚಿತ್ರಗಳನ್ನು ಮಾತ್ರ ಕಳಿಸಿದರು, ಒಬ್ಬರು ಪ್ರತಿ ಪ್ರಶ್ನೆಗೂ ಸಾಲುಸಾಲಾಗಿ ಉತ್ತರಿಸಿದರು. ಅವರಲ್ಲಿಗೇ ಹೋದೆ. ಬೋನಿನಲ್ಲಿ ಬೆಳೆಸಿದ ಸಿಂಹವನ್ನು ಬೇಲಿಯೊಳಗೆ ಬಿಟ್ಟು ಕೊಲ್ಲಿಸುವ ವ್ಯಾಪಾರ ನೆರೆಯ ದಕ್ಷಿಣ ಆಫ್ರಿಕಾದಲ್ಲಿ ದೊಡ್ಡದಾಗಿ ಬೆಳೆದದ್ದು ಜಗತ್ತಿಗೇ ಗೊತ್ತಿರುವ ಸಂಗತಿ. ಅದನ್ನು ನಾನು ಬೇಟೆ ಎಂದು ಕರೆಯಲಾರೆ. ಹೋಗಬಯಸುವವರು ಅಂಥ ಆಹ್ವಾನ ಬಂದರೆ ಅಲ್ಲಿಗೇ ಮಾತು ಮುಗಿಸಬೇಕು.

ಕಾಗದಪತ್ರಗಳ ವಿಷಯ ಚುಟುಕಾಗಿ ಹೇಳುತ್ತೇನೆ. ವೀಸಾ ಅರ್ಜಿಯೊಂದಿಗೆ ಬೇಟೆ ಸಂಸ್ಥೆಯ ಆಹ್ವಾನ ಪತ್ರವನ್ನೂ ಇಟ್ಟೆ. ಮುಂಗಡ ಹಣ ಕಳಿಸಲು ಬ್ಯಾಂಕಿನಲ್ಲಿ ಪ್ಯಾನ್ ಸಂಖ್ಯೆಯೊಂದಿಗೆ ಎ-2 ಅರ್ಜಿ ತುಂಬಬೇಕಾಯಿತು, ಮತ್ತು ಉದ್ದೇಶದ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ಶಾಖೆಯವರೊಂದಿಗೆ ಕುಳಿತು ಮಾತನಾಡಬೇಕಾಯಿತು. ಬೆಂಗಳೂರಿನಿಂದ ನಾನು ಹೋದದ್ದು ಅಡಿಸ್ ಅಬಾಬಾ ಮಾರ್ಗವಾಗಿ. ಇಥಿಯೋಪಿಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ವಿಮಾನ ತಡವಾಗಿ ಅಲ್ಲಿ ಊರೊಳಗೆ ಉಳಿಯಬೇಕಾಗಿ ಬಂದರೆ ಲಸಿಕೆಯ ಪ್ರಮಾಣಪತ್ರ ಬೇಕಾಗುತ್ತದೆಂದು ಮುಂಚೆಯೇ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ. ಹಾಕಿಸಿಕೊಂಡ ಹತ್ತು ದಿನಗಳ ಮೇಲಷ್ಟೇ ಆ ಪತ್ರಕ್ಕೆ ಮಾನ್ಯತೆ, ಆಮೇಲೆ ಅದು ಜೀವಮಾನಕ್ಕೆ ಸಾಕು.

ರೈಫಲ್ಲಿನ ವಿಷಯಕ್ಕೆ ಬರುತ್ತೇನೆ. ನನ್ನ ಲೈಸೆನ್ಸಿನಲ್ಲಿರುವುದು ನಮ್ಮಲ್ಲಿ ಅನೇಕರ ಬಳಿ ಇರುವಂಥ 315 ರೈಫಲ್. ಅದನ್ನು ದೇಶದ ಹೊರಗೆ ಒಯ್ದು ಮರಳಿ ತರುವ ಅನುಮತಿಗಳ ಹಿಂದೆ ಅಲೆಯುವುದಕ್ಕಿಂತ, ಅಲ್ಲಿಯ ಶಿಬಿರದ ರೈಫಲ್ಲನ್ನೇ ಬಾಡಿಗೆಗೆ ಪಡೆಯುವುದು ಸರಿಯೆಂದು ನಿರ್ಧರಿಸಿದೆ. ನಮೀಬಿಯಾದಲ್ಲಿ ಪ್ರಾಣಿಯ ಗಾತ್ರಕ್ಕೆ ತಕ್ಕಂತೆ ಗುಂಡಿಗೆ ಇರಬೇಕಾದ ಕನಿಷ್ಠ ಶಕ್ತಿಯನ್ನು ನಿಯಮದಲ್ಲಿಯೇ ಹೇಳಲಾಗಿದೆ: ಸ್ಪ್ರಿಂಗ್‌ಬಾಕ್‌ನಂಥ ಸಣ್ಣ ಜಿಂಕೆಗೆ 1350 ಜೌಲ್, ದೊಡ್ಡ ಜಾತಿಯ ಜಿಂಕೆಗಳಾದ ಓರಿಕ್ಸ್ ಮತ್ತು ಕೂಡುವಿಗೆ 2700, ಕಾಡೆಮ್ಮೆ ಮತ್ತು ಆನೆಗೆ 5400. ಶಿಬಿರದಲ್ಲಿ ನನಗೆ ಕೊಡಲಿದ್ದ 30-06 ರೈಫಲ್, ನಾನು ಬೇಟೆಗೆ ಆರಿಸಿಕೊಂಡಿದ್ದ ಓರಿಕ್ಸ್‌ಗೆ ಬೇಕಾದುದನ್ನು ಧಾರಾಳವಾಗಿ ದಾಟುತ್ತದೆ. ಕೈಬಂದೂಕು, ಸ್ವಯಂಚಾಲಿತ ಆಯುಧಗಳಿಗೆ ಅಲ್ಲಿ ಬೇಟೆಯಲ್ಲಿ ಜಾಗವಿಲ್ಲ.

ಅಭ್ಯಾಸದ ಬಗ್ಗೆ ವಿವರವಾಗಿಯೇ ಹೇಳಬೇಕು. ರೇಂಜಿನಲ್ಲಿ ನಾವು ಕಲಿಯುವುದು ಮಲಗಿ, ಅಥವಾ ಮೇಜಿನ ಮೇಲೆ ಮರಳುಚೀಲ ಇಟ್ಟು ಗುರಿ ಹಿಡಿಯುವುದನ್ನು. ಆಫ್ರಿಕಾದ ಕುರುಚಲಿನಲ್ಲಿ ಮಲಗಿದರೆ ಮುಳ್ಳು, ಹುಲ್ಲಿನ ಹೊರತು ಏನೂ ಕಾಣುವುದಿಲ್ಲ; ನಿಂತು, ಮೂರು ಕಾಲಿನ ಕೋಲಿನ ಮೇಲೆ ರೈಫಲ್ ಇಟ್ಟು, ಕೆಲವೇ ಕ್ಷಣಗಳಲ್ಲಿ ಗುಂಡು ಹಾರಿಸಬೇಕು. ಅದಕ್ಕಾಗಿ ಭುಜದೆತ್ತರದ ಮೂರು ಬಿದಿರುಗಳುಗಳನ್ನು ಆರಿಸಿ, ತುದಿಗೆ ಸ್ವಲ್ಪ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ನಾನೇ ಕೋಲು ಮಾಡಿಕೊಂಡೆ. ಲೈಸೆನ್ಸಿನ ಮೇಲೆ ಸಿಗುವ ತೋಟಾಗಳಿಗೆ ಮಿತಿಯಿರುವುದರಿಂದ ಪ್ರತಿದಿನ ನಿಜವಾದ ಗುಂಡು ಹಾರಿಸುವ ಮಾತೇ ಇಲ್ಲ. ಆದ್ದರಿಂದ ಬೆಳಗಿನ ಹೊತ್ತು ಅಡಿಕೆ ತೋಟದ ಬದುವಿನ ಮೇಲೆ ವೇಗವಾಗಿ ನಡೆದು, ಉಸಿರು ಏರಿರುವಾಗಲೇ ಕೋಲು ಊರಿ, ಗಾಳಿ ಬಂದೂಕಿನಿಂದ ಟೆನಿಸ್ ಚೆಂಡಿನಷ್ಟು ಗುರಿಗೆ ಹೊಡೆಯುವುದನ್ನು ರೂಢಿಸಿಕೊಂಡೆ. ಸಂಜೆ ಖಾಲಿ ರೈಫಲ್ಲಿಗೆ ಹುಸಿತೋಟಾ ಹಾಕಿ, ಟ್ರಿಗರ್ ಬಿಡುವಾಗ ಸ್ಕೋಪಿನ ಗೆರೆ ಅಲುಗುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಏರಿದ ಉಸಿರಿನಲ್ಲಿ ಗುರಿ ಹಿಡಿಯಲು ಬಾರದವನು ಅಲ್ಲಿಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಣದ ನಷ್ಟಕ್ಕಾಗಿ ಹೇಳುತ್ತಿಲ್ಲ, ತಪ್ಪಿದ ಗುಂಡಿನ ನೋವನ್ನು ತಿನ್ನುವುದು ಇನ್ನೊಂದು ಜೀವ.

ಜೊತೆಗೆ ಓರಿಕ್ಸಿನ ದೇಹರಚನೆಯನ್ನೂ ಚಿತ್ರಗಳ ಮೇಲೆ ಗೆರೆ ಎಳೆದು ಕಲಿತೆ. ನಮೀಬಿಯಾದ ರಾಷ್ಟ್ರಲಾಂಛನದಲ್ಲಿರುವ ಈ ಪ್ರಾಣಿ ಇನ್ನೂರು ಕಿಲೋ ತೂಗುತ್ತದೆ. ಹೆಗಲಿನ ಮೇಲಿನ ಉಬ್ಬು ಕಣ್ಣಿಗೆ ಮೋಸ ಮಾಡಿ ಗುರಿಯನ್ನು ಮೇಲಕ್ಕೆ ಎಳೆಯುತ್ತದೆ. ಹೃದಯವಾದರೋ ಬಹಳ ಕೆಳಗೆ, ಮುಂಗಾಲುಗಳ ನಡುವೆ ಇದೆ. ಅಡ್ಡಲಾಗಿ ನಿಂತಿರುವಾಗ ಮುಂಗಾಲಿನ ಗೆರೆಯನ್ನೇ ಹಿಡಿದು ಮೇಲೇರಿ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ನಿಲ್ಲಿಸಬೇಕು. ಹೆಣ್ಣಿಗೂ ಕೊಂಬಿದೆ, ಅದೂ ಗಂಡಿಗಿಂತ ಉದ್ದವಾಗಿ, ತೆಳ್ಳಗೆ. ಹಾಗಾಗಿ ಕೊಂಬಿನ ಉದ್ದ ನೋಡಿ ಆಸೆಪಡುವವನು ಮರಿಯ ತಾಯಿಯನ್ನು ಹೊಡೆದಾನು.

ರಾಜಧಾನಿ ವಿಂಡ್‌ಹುಕ್ ಇರುವುದು ಸುಮಾರು 1,650 ಮೀಟರ್ ಎತ್ತರದಲ್ಲಿ. ಅಲ್ಲಿಯ ಬೇಟೆಯ ಋತು ಫೆಬ್ರವರಿಯಿಂದ ನವೆಂಬರ್ ಕೊನೆಯವರೆಗೆ; ನಾನು ಹೋದದ್ದು ಜುಲೈಯಲ್ಲಿ, ಅಂದರೆ ಅವರ ಚಳಿಗಾಲದಲ್ಲಿ. ತೆರೆದ ಜೀಪಿನಲ್ಲಿ ಮುಂಜಾನೆ ಕೈ ಮರಗಟ್ಟುತ್ತದೆ, ಮಧ್ಯಾಹ್ನ ಅಂಗಿಯೊಂದೇ ಸಾಕು. ಕರ್ನಾಟಕದ ನಾಲ್ಕು ಪಟ್ಟಿಗೂ ಮಿಕ್ಕಿದ ಆ ದೇಶದಲ್ಲಿ ಜನರಿರುವುದು ಮೂವತ್ತು ಲಕ್ಷದಷ್ಟು. ಗಂಟೆಗಟ್ಟಲೆ ಪಯಣಿಸಿದರೂ ಒಂದು ಮನೆ ಎದುರಾಗದು. ನೆಲ ಮಾತ್ರ ನನಗೆ ಅಪರಿಚಿತವೆನಿಸಲಿಲ್ಲ. ಒಣಗಿದ ಹಳ್ಳ, ಕಲ್ಲುಗುಡ್ಡ, ಜಾಲಿಯ ಜಾತಿಯ ಮುಳ್ಳುಮರ ಎಲ್ಲವೂ ಜಗಳೂರು, ಮೊಳಕಾಲ್ಮೂರು ಕಡೆಯವರಿಗೆ ಗೊತ್ತಿರುವಂಥವೇ. ನಮ್ಮ ಕಾವಲುಗಳನ್ನು ಬಳ್ಳಾರಿ ಜಾಲಿ ನುಂಗಿದಂತೆ ಅಲ್ಲಿಯೂ ಮುಳ್ಳುಗಿಡ ದಟ್ಟವಾಗಿ ಹಬ್ಬಿ ಹುಲ್ಲನ್ನು ನುಂಗುತ್ತಿದೆ, ಮತ್ತು ಅದನ್ನು ಕಡಿಸುವುದು ಅಲ್ಲಿಯ ಜಮೀನುದಾರರಿಗೆ ದೊಡ್ಡ ಖರ್ಚು. ಕಾಲಿಗೆ ಪಳಗಿದ ಬೂಟು, ಮಂಕಾದ ಹಸಿರು ಬಟ್ಟೆ ಇಷ್ಟಿದ್ದರೆ ಉಡುಪಿನ ಮಾತು ಮುಗಿಯಿತು.

ತಲುಪಿದ ಕೂಡಲೇ ಗೈಡ್ ಮಾಡಿಸಿದ ಮೊದಲ ಕೆಲಸ, ನೂರು ಮೀಟರ್ ದೂರದ ಹಲಗೆಗೆ ಗುಂಡು ಹೊಡೆಸಿದ್ದು. ಸ್ಕೋಪ್ ಸರಿಯಿದೆಯೇ ಎನ್ನುವುದರ ಜೊತೆಗೆ, ಬಂದವನ ಕೈ ಎಷ್ಟು ನಂಬುವಂಥದ್ದು ಎಂಬುದನ್ನೂ ಅವನು ಅಲ್ಲಿಯೇ ಅಳೆಯುತ್ತಾನೆ. ಆ ಮೇಲೆ ಕೋಲಿನ ಮೇಲಿಂದ ಹೊಡೆಸಿದ. ನನ್ನ ಬಿದಿರಿನ ಅಭ್ಯಾಸ ಫಲ ಕೊಟ್ಟಿತು. ಸಮಾಧಾನಗೊಂಡ ಅವನು, ನೂರೈವತ್ತು ಮೀಟರಿನೊಳಗೆ ಮಾತ್ರ ನಿನಗೆ ಅವಕಾಶ ಕೊಡುತ್ತೇನೆ ಎಂದ. ಆ ಮಿತಿ ನನಗೂ ಒಪ್ಪಿಗೆಯಾಯಿತು.

ಕಾಡಿನಲ್ಲಿ ಮುಂದೆ ನಡೆಯುವವನು ಜಾಡುಗಾರ, ಅವನ ಹಿಂದೆ ಗೈಡ್, ಕೊನೆಗೆ ಬೇಟೆಗಾರ. ಸಣ್ಣ ಬಟ್ಟೆಯ ಚೀಲದಲ್ಲಿ ಬೂದಿ ಇಟ್ಟುಕೊಂಡು ಆಗಾಗ ಒದರಿ ಗಾಳಿಯ ದಿಕ್ಕು ನೋಡುತ್ತಿದ್ದರು. ಬೂದಿ ಪ್ರಾಣಿಯ ಕಡೆಗೆ ಹಾರಿದರೆ ಮಾತಿಲ್ಲದೆ ಹಿಂತಿರುಗಿ ದೊಡ್ಡ ಸುತ್ತು ಹಾಕುವುದು. ಮರಳಿನ ಮೇಲಿನ ಗೊರಸಿನ ಅಂಚು ಚೂಪಾಗಿದೆಯೇ ಕುಸಿದಿದೆಯೇ, ಹಿಕ್ಕೆ ಒದ್ದೆಯೇ ಒಣಗಿದೆಯೇ, ಹೆಜ್ಜೆಯ ಮೇಲೆ ರಾತ್ರಿಯ ಹುಳು ಹರಿದ ಗೆರೆ ಇದೆಯೇ ಎಂಬುದರಿಂದ ಆ ಜಾಡುಗಾರ ಹೊತ್ತು ಹೇಳುತ್ತಿದ್ದ. ನಾನು ಕಂಡ ವಿದ್ಯಾವಂತರಲ್ಲಿ ಅವನನ್ನು ಮೊದಲ ಸಾಲಿನಲ್ಲಿಡುತ್ತೇನೆ. ಕೆಲವು ಬಾರಿ ಒಳ್ಳೆಯ ಗುರಿ ಸಿಕ್ಕಿದರೂ ಗೈಡ್ ತಲೆಯಾಡಿಸಿ ಬೇಡವೆಂದ: ಒಮ್ಮೆ ಅದು ಹೆಣ್ಣು, ಒಮ್ಮೆ ಹಿಂಡಿನ ಇನ್ನೊಂದು ಪ್ರಾಣಿ ಹಿಂದೆಯೇ ನಿಂತಿತ್ತು, ಮತ್ತೊಮ್ಮೆ ಪ್ರಾಯದ ಗಂಡು. ಅವನ ಹುಡುಕಾಟವಿದ್ದದ್ದು ಹಿಂಡಿನಿಂದ ಬೇರ್ಪಟ್ಟ, ಬುಡದಲ್ಲಿ ದಪ್ಪಗಾಗಿ ತುದಿ ಸವೆದ ಕೊಂಬಿನ ಮುದಿ ಗಂಡಿಗೆ. ಅಂಥದ್ದು ಒಂದು ಇಳಿಹೊತ್ತಿನಲ್ಲಿ ಒಣಹಳ್ಳದ ದಂಡೆಯ ಮೇಲೆ ಸಿಕ್ಕಿತು. ಅದು ನಮ್ಮತ್ತ ನೇರ ಮುಖ ಮಾಡಿ ನಿಂತಿದ್ದರಿಂದ, ಕೋಲಿನ ಮೇಲೆ ರೈಫಲ್ ಇಟ್ಟುಕೊಂಡು ತೋಳು ಸೋಲುವಷ್ಟು ಹೊತ್ತು ಕಾದೆವು. ಅಡ್ಡ ತಿರುಗಿದ ಮೇಲೆ ಗೈಡ್ ನನ್ನ ಹೆಗಲನ್ನು ಒಮ್ಮೆ ಒತ್ತಿದ. ಗುಂಡಿನ ನಂತರ ಅದು ನೂರು ಹೆಜ್ಜೆಯೊಳಗೆ ಬಿದ್ದಿತು. ಆದರೂ ಗೈಡ್ ತಕ್ಷಣ ಹತ್ತಿರ ಹೋಗಗೊಡಲಿಲ್ಲ. ಗಾಯಗೊಂಡ ಓರಿಕ್ಸ್ ಈಟಿಯಂಥ ಆ ಕೊಂಬುಗಳನ್ನು ಬೀಸಿದರೆ ಮನುಷ್ಯ ಉಳಿಯುವುದು ಕಷ್ಟ. ಕಾದು, ಹಿಂದಿನಿಂದ ಬಳಸಿ ಹೋಗಿ, ಕಣ್ಣು ನಿಶ್ಚಲವಾದದ್ದನ್ನು ಖಚಿತಪಡಿಸಿಕೊಂಡ ಬಳಿಕವೇ ಮುಟ್ಟಿದ್ದು. ಆ ಹೊತ್ತಿನಲ್ಲಿ ನನಗಾದದ್ದು ಗೆಲುವಿನ ಹಿಗ್ಗಲ್ಲ. ಒಂದು ಭಾರವಾದ ಕೆಲಸವನ್ನು ಒಪ್ಪಿಕೊಂಡಂತೆಯೇ ನೆರವೇರಿಸಿದ ಗಂಭೀರವಾದ ತೃಪ್ತಿ.

ಅಂದು ರಾತ್ರಿಯೇ ಅದನ್ನು ಸುಲಿದು, ಹಸಿಮಾಂಸವನ್ನು ತಣ್ಣನೆಯ ಕೋಣೆಯಲ್ಲಿ ತೂಗುಹಾಕಿದರು. ಕರುಳಿನಿಂದ ಹಿಡಿದು ತಲೆಮಾಂಸದವರೆಗೆ ಯಾವುದನ್ನೂ ಬಿಸಾಡಲಿಲ್ಲ: ಒಂದು ಪಾಲು ಜಮೀನಿನ ಕೆಲಸಗಾರರ ಮನೆಗಳಿಗೆ, ಒಂದು ಪಾಲು ಶಿಬಿರದ ಅಡುಗೆಗೆ, ಉಳಿದದ್ದನ್ನು ಉಪ್ಪು, ವಿನೆಗರ್, ಕೊತ್ತಂಬರಿ ಬೀಜ ಸವರಿ ಬಿಲ್ಟಾಂಗ್ ಎಂಬ ಒಣಮಾಂಸವಾಗಿ ಮಾಡಲು ಕೊಯ್ದರು. ನಾನು ಕೊಂಬು, ಚರ್ಮಗಳನ್ನು ಊರಿಗೆ ತರಲಿಲ್ಲ. ಕಾಡುಪ್ರಾಣಿಯ ಅಂಗಗಳ ವಿಷಯದಲ್ಲಿ ನಮ್ಮ ಕಾನೂನು ಕಟ್ಟುನಿಟ್ಟಾಗಿದೆ, ಹಾಗೆ ಇರುವುದೇ ಸರಿ. ಹೋಗುವ ಮೊದಲೇ ಅವು ಅಲ್ಲಿಯೇ ಉಳಿಯಲೆಂದು ಬರೆದುಕೊಟ್ಟಿದ್ದೆ. ಮನೆಯಲ್ಲಿ ನಮ್ಮ ದೊಡ್ಡಪ್ಪ, ತಮ್ಮ ಹರೆಯದಲ್ಲಿ ಬೇಟೆ ಕಂಡವರು, ಇದನ್ನು ಕೇಳಿ, "ಅಷ್ಟು ದೂರ ಹೋಗಿ ಬರಿಗೈಲಿ ಬಂದ್ಯೇನಪ್ಪಾ?" ಎಂದರು. ನಾನು ಜಾಡುಗಾರನ ವಿಷಯ ಹೇಳತೊಡಗಿದ ಮೇಲೆ ಮಾತ್ರ ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಹೆಜ್ಜೆಯ ಹುಳುಗೆರೆಯ ಬಗ್ಗೆ ಎರಡೆರಡು ಸಲ ಕೇಳಿದರು.

ಹಣದ ಲೆಕ್ಕ ಮೂರು ಭಾಗವಾಗಿ ಬರುತ್ತದೆ. ವಸತಿ, ಊಟ, ಗೈಡ್ ಸೇರಿದ ದಿನದ ದರ ಒಂದು. ಹೊಡೆದ ಪ್ರಾಣಿಯ ಶುಲ್ಕ ಇನ್ನೊಂದು, ಅದು ಓರಿಕ್ಸಿಗೆ ಕೆಲವು ನೂರು ಯೂರೊ, ದೊಡ್ಡ ಕೂಡುವಿಗೆ ಅದಕ್ಕಿಂತ ಬಹಳ ಹೆಚ್ಚು. ರೈಫಲ್ ಬಾಡಿಗೆ, ತೋಟಾ, ವಿಮಾನ ನಿಲ್ದಾಣದ ಕಾರು ಮೂರನೆಯದು. ರಕ್ತದ ಒಂದು ಹನಿ ನೆಲಕ್ಕೆ ಬಿದ್ದರೂ, ಪ್ರಾಣಿ ಸಿಗಲಿ ಬಿಡಲಿ, ಶುಲ್ಕ ಪೂರ್ತಿ ಕೊಡಬೇಕೆಂಬುದು ಸಾಮಾನ್ಯ ಕರಾರು, ಮತ್ತು ನ್ಯಾಯವಾದ ಕರಾರು. ಜಾಡುಗಾರನಿಗೂ ಅಡುಗೆಯವರಿಗೂ ಕೊಡುವ ಬಕ್ಷೀಸನ್ನು ಬೇರೆಬೇರೆ ಲಕೋಟೆಗಳಲ್ಲಿಟ್ಟು, ಹೆಸರು ಬರೆದು, ಅವರವರ ಕೈಗೇ ಕೊಡಬೇಕು. ಸಾಮಾನ್ಯವಾಗಿ ಇದನ್ನು ಗೈಡ್ ಮೂಲಕ ಒಟ್ಟಾಗಿ ಕೊಟ್ಟುಬಿಡುವವರಿದ್ದಾರೆ. ಇಡೀ ಬೇಟೆಯನ್ನು ಸಾಧ್ಯಮಾಡಿದವನು ಮುಂದೆ ನಡೆದವನು ಎಂಬುದನ್ನು ಕಂಡ ಮೇಲೆ ನಾನು ಹಾಗೆ ಮಾಡಲಾರದೆ ಹೋದೆ.