ಎನ್‌ಟಿಪಿಟ್ರೇಸ್ ಮೊದಲ ಹೆಜ್ಜೆಯಲ್ಲೇ ನಿಂತರೆ

ಕಾಸರಗೋಡಿನ ಒಂದು ಕಚೇರಿಯಲ್ಲಿ, ಲಿಖಿತ ಅನುಮತಿ ಪಡೆದು ಭದ್ರತಾ ಪರೀಕ್ಷೆ ಮಾಡುತ್ತಿದ್ದೆ. ಫೈರ್‌ವಾಲ್ ಲಾಗ್‌ಗೂ ಸರ್ವರ್ ಲಾಗ್‌ಗೂ ಏಳು ನಿಮಿಷ ವ್ಯತ್ಯಾಸ. ಕಂಪ್ಯೂಟರ್‌ಗಳು ನೆಟ್‌ವರ್ಕ್ ಮೂಲಕ ಸಮಯ ಹೊಂದಿಸಿಕೊಳ್ಳುವ ವಿಧಾನ ಎನ್‌ಟಿಪಿ. ಅದರಲ್ಲಿ ಸಮಯ ಯಾವ ಸರ್ವರ್‌ನಿಂದ ಬರುತ್ತಿದೆ ಎಂದು ಹೆಜ್ಜೆ ಹೆಜ್ಜೆಯಾಗಿ ಹುಡುಕುವ ಎನ್‌ಟಿಪಿಟ್ರೇಸ್ ಓಡಿಸಿದರೆ ಪ್ರತಿ ಸಲವೂ ಟೈಮ್‌ಔಟ್.

ಕಾಯುವ ಸಮಯ ಹೆಚ್ಚಿಸಿದೆ, ಆಗಲಿಲ್ಲ. ಪೋರ್ಟ್ ಪರೀಕ್ಷಿಸುವ ಎನ್‌ಮ್ಯಾಪ್‌ನಲ್ಲಿ ನೋಡಿದರೆ ಎನ್‌ಟಿಪಿಯ ಪೋರ್ಟ್ ಯುಡಿಪಿ 123 ತೆರೆದೇ ಇತ್ತು. ಸುಮ್ನೆ ಎರಡು ದಿನ ಫೈರ್‌ವಾಲ್ ನಿಯಮಗಳನ್ನೇ ನೋಡಿದೆ.

ಎನ್‌ಟಿಪಿಟ್ರೇಸ್ ಕೇಳುವುದು ಮೋಡ್ 6 ಪ್ರಶ್ನೆ, ಅಂದರೆ ಸರ್ವರ್‌ನ ಒಳಗಿನ ಸ್ಥಿತಿ ಕೇಳುವ ಪ್ರಶ್ನೆ. ಅಂಥ ಪ್ರಶ್ನೆ ತಡೆಯುವ ‘ನೋಕ್ವೆರಿ’ ಸೆಟ್ಟಿಂಗ್ ಹಾಕಿದ ಸರ್ವರ್ ಅದಕ್ಕೆ ಉತ್ತರಿಸುವುದಿಲ್ಲ, ಕ್ರೋನಿ ಎಂಬ ಇನ್ನೊಂದು ಎನ್‌ಟಿಪಿ ತಂತ್ರಾಂಶವಂತೂ ಉತ್ತರಿಸುವುದೇ ಇಲ್ಲ. ಆದರೆ ಸಮಯ ಕೇಳುವ ಮಾಮೂಲಿ ಮೋಡ್ 3 ಪ್ರಶ್ನೆಗೆ ಉತ್ತರ ಕೊಡಲೇಬೇಕು, ಅಲ್ವಾ? ಬೇಕಾದ್ದು ಆ ಉತ್ತರದಲ್ಲೇ ಇದೆ.

ಮೊದಲು ಒಂದು ಟರ್ಮಿನಲ್‌ನಲ್ಲಿ ರೂಟ್ ಆಗಿ, ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ‘ಟಿಸಿಪಿಡಂಪ್ -ಎನ್ -ವಿವಿ ಯುಡಿಪಿ ಪೋರ್ಟ್ 123’ ಓಡಿಸಿ. ಆಮೇಲೆ ಇನ್ನೊಂದರಲ್ಲಿ ‘ಎನ್‌ಟಿಪಿಡೇಟ್ -ಕ್ಯೂ’, ಮುಂದೆ ಸರ್ವರ್ ವಿಳಾಸ. ‘-ಕ್ಯೂ’ ಬಿಡಬೇಡಿ, ಬಿಟ್ಟರೆ ನಿಮ್ಮ ಗಡಿಯಾರವೇ ಬದಲಾಗಬಹುದು. ಟಿಸಿಪಿಡಂಪ್ ತೋರಿಸುವ ಉತ್ತರದಲ್ಲಿ ಸ್ಟ್ರಾಟಮ್ (ಮೂಲ ಗಡಿಯಾರದಿಂದ ಎಷ್ಟನೇ ಹಂತ), ರೆಫರೆನ್ಸ್ ಐಡಿ (ಸಮಯ ಪಡೆದ ಮೂಲದ ಗುರುತು) ಎರಡನ್ನೂ ಬರೆದುಕೊಳ್ಳಿ. ಸ್ಟ್ರಾಟಮ್ 2 ಅಥವಾ ಜಾಸ್ತಿ ಇದ್ದರೆ, ಐಪಿವಿ4ನಲ್ಲಿ ಆ ಐಡಿ ಸಾಮಾನ್ಯವಾಗಿ ಮೇಲಿನ ಸರ್ವರ್‌ನ ವಿಳಾಸವೇ. ಆ ವಿಳಾಸವನ್ನೂ ಹೀಗೇ ಕೇಳಿ. ಐಪಿವಿ6 ಆದರೆ ಅದು ವಿಳಾಸದಿಂದ ಲೆಕ್ಕ ಹಾಕಿದ ಹ್ಯಾಶ್‌ನ ತುಂಡು, ವಿಳಾಸವಲ್ಲ. ಅನುಮತಿಯ ವ್ಯಾಪ್ತಿ ಮುಗಿದಲ್ಲಿ ನಿಲ್ಲಿಸಿ.

ನನಗೆ ಮೂರನೇ ಹೆಜ್ಜೆಯಲ್ಲಿ 127.127.1.1 ಬಂತು; ಅದು ಬೇರೆ ಸರ್ವರ್ ಅಲ್ಲ, ಸ್ವಂತ ಗಡಿಯಾರದ ಗುರುತು. ಹಳೆಯ ರೂಟರ್ ಒಂದು ತನ್ನದೇ ಗಡಿಯಾರ ನಂಬಿಕೊಂಡು ಎಲ್ಲರಿಗೂ ಸಮಯ ಹಂಚುತ್ತಿತ್ತು.