ರೆಕಾರ್ಡ್ ಹಾಕುವ ಮೊದಲು ಟೋನ್ ಆರ್ಮ್ ತೂಕ ನೋಡಿ

ಕಾಸರಗೋಡು ಕಡೆಯವರೇ, ಮನೆಯ ಅಟ್ಟದಲ್ಲಿ ಹಳೇ ಎಲ್‌ಪಿ ರೆಕಾರ್ಡ್ ಸಿಕ್ಕಿದರೆ ಸುಮ್ನೆ ಪ್ಲೇಯರ್‌ಗೆ ಹಾಕಬೇಡಿ. ಮಳೆಗಾಲದ ಬೂಸ್ಟು ತೊಳೆದು ಒಣಗಿಸಿ. ಆಮೇಲೆ ಟೋನ್ ಆರ್ಮ್, ಅಂದರೆ ಮುಳ್ಳು ಹಿಡಿದಿರುವ ತೋಳು, ರೆಕಾರ್ಡ್ ಮೇಲೆ ಹಾಕುವ ತೂಕ ಸರಿ ಮಾಡಿ.

ಆಂಟಿ-ಸ್ಕೇಟ್ (ಆರ್ಮ್ ಒಳಗಡೆಗೆ ಜಾರದಂತೆ ತಡೆಯುವ ಗುಂಡಿ) 0ಗೆ ಇಟ್ಟು, ಆರ್ಮಿನ ಹಿಂದಿರುವ ತೂಕದ ಬಿಲ್ಲೆ ತಿರುಗಿಸಿ. ಆರ್ಮ್ ಕೆಳಗೂ ಬೀಳದೆ, ಮೇಲೂ ಏಳದೆ, ತಕ್ಕಡಿ ಹಾಗೆ ಮಟ್ಟವಾಗಿ ತೇಲಬೇಕು. ಆಗ ಬಿಲ್ಲೆ ಅಲುಗಿಸದೆ ಅಂಕಿ ಇರುವ ಬಳೆಯನ್ನು ಮಾತ್ರ 0ಗೆ ತನ್ನಿ. ನಂತರ ಬಿಲ್ಲೆ ತಿರುಗಿಸಿ, ಕಾರ್ಟ್ರಿಜ್ (ಮುಳ್ಳು ಕೂತಿರುವ ಪುಟ್ಟ ಡಬ್ಬಿ) ಕಂಪನಿ ಹೇಳಿದಷ್ಟು ತೂಕ ಕೊಡಿ. ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಜ್ ಆದರೆ ಸಾಮಾನ್ಯವಾಗಿ 1.5ರಿಂದ 2 ಗ್ರಾಂ. ಆಂಟಿ-ಸ್ಕೇಟ್‌ಗೂ ಅದೇ ಅಂಕಿ.

ತೂಕ ಕಡಿಮೆ ಇದ್ದಷ್ಟೂ ರೆಕಾರ್ಡಿಗೆ ಒಳ್ಳೇದು ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಹಗುರಾದ ಮುಳ್ಳು ಗೀರಿನೊಳಗೆ ಕುಣಿದು ಅದರ ಗೋಡೆಗೇ ಹೊಡೆಯುತ್ತದೆ. ಹಾಡು ಜೋರಾದಾಗ ಕರಕರ ಕೇಳಿಸಿದರೆ ತೂಕ ಮತ್ತೆ ನೋಡಿ.