ಕಿತ್ತೆಸೆಯುವುದಕ್ಕೆಂದೇ ಮೆತ್ತಿದ ಗಾರೆ

ಮೂರನೆಯ ಮಳೆಗಾಲವೂ ದಾಟಿತು, ಚಾವಡಿಯ ಪಡುಗೋಡೆಯಲ್ಲಿ ಉಪ್ಪು ಏಳಲಿಲ್ಲ. ಗೋಡೆಯ ಉಪ್ಪನ್ನು ಎಳೆದುಕೊಂಡು ತಾನು ಸಾಯುವ ಬಲಿಗಾರೆಯ ಬಗ್ಗೆ ಇನ್ನು ಧೈರ್ಯವಾಗಿ ಬರೆಯಬಹುದು. "ಗಾರೆ ಮೆತ್ತುವುದು, ಒಣಗಿದ ಮೇಲೆ ಕಿತ್ತು ಎಸೆಯುವುದು, ಮತ್ತೆ ಮೆತ್ತುವುದು! ದುಡ್ಡು ಹೆಚ್ಚಾಗಿದೆಯೇ ಮಾರಾಯರೇ?" ಎಂದು ನಕ್ಕವರಲ್ಲಿ ಇಬ್ಬರು ಗುತ್ತಿಗೆದಾರರು, ಒಬ್ಬ ಇಂಜಿನಿಯರ್ ಮತ್ತು ನನ್ನ ಸ್ವಂತ ಭಾವ ಇದ್ದರು. ಭಾವ ಈಗ ತಮ್ಮ ಮನೆಯ ಗೋಡೆಯನ್ನೂ ಒಮ್ಮೆ ನೋಡಿಹೋಗು ಎಂದು ಫೋನ್ ಮಾಡುತ್ತಿದ್ದಾರೆ.

ಮನೆ ಇರುವುದು ಕುಂದಾಪುರದ ಉತ್ತರಕ್ಕೆ, ಹೆದ್ದಾರಿ 66ರ ಪಡುಬದಿಯಲ್ಲಿ, ಕಡಲಿಗೆ ಹತ್ತಿರ. ಅಜ್ಜನ ಅಪ್ಪ ಕಟ್ಟಿಸಿದ್ದು. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಕಲ್ಲಿನ ನಡುವೆ ಮಣ್ಣಿನ ಕೆಸರು, ಒಳಹೊರಗೆ ಚಿಪ್ಪಿನ ಸುಣ್ಣದ ಗಾರೆ, ಹಲಸು ಮತ್ತು ಕಿರಾಲುಬೋಗಿಯ ಮರಮಟ್ಟು, ಹಂಚಿನ ಮಾಡು. ಕಟ್ಟಿದವರ ಕೆಲಸದಲ್ಲಿ ಕುಂದು ಹುಡುಕುವಂತಿರಲಿಲ್ಲ. 1980ರ ದಶಕದಲ್ಲಿ ಕೆಳಗಿನ ನಾಲ್ಕಡಿ ಗಾರೆ ಉದುರುತ್ತಿದೆಯೆಂದು ಸಿಮೆಂಟ್ ಬಂತು. ಆಗ ಊರಿನ ಎಲ್ಲ ಮನೆಗಳಿಗೂ ಬಂದದ್ದೇ. ಮುಂದಿನದು ನಿಮಗೆ ಗೊತ್ತಿರುವ ಕತೆ: ಸಿಮೆಂಟಿನಡಿ ಆರದ ತೇವ ನಾಲ್ಕಡಿಯ ಮೇಲಕ್ಕೆ ಏರಿತು, ಅದರ ಬೆನ್ನಿಗೆ ಸಿಮೆಂಟೂ ಆರಡಿಗೆ ಏರಿತು, ಮೇಲೊಂದು ಪ್ಲಾಸ್ಟಿಕ್ ಬಣ್ಣ ಬಿತ್ತು, ಬಣ್ಣ ಗುಳ್ಳೆ ಎದ್ದಿತು, ಗುಳ್ಳೆ ಒಡೆದರೆ ಒಳಗೆ ಉಪ್ಪಿನ ಬಿಳಿ ಹುಡಿ. ಚಾವಡಿಯ ಕೆಂಪು ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಸಿದ ಮೇಲಂತೂ ನೆಲದಡಿಯ ತೇವಕ್ಕೆ ಗೋಡೆಯೊಂದೇ ದಾರಿಯಾಯಿತು.

ಪರಿಹಾರ ಹೇಳುವವರಿಗೆ ಬರವಿರಲಿಲ್ಲ. ಒಬ್ಬರು ಗೋಡೆಗೆ ತೂತು ಕೊರೆದು ತೇವ ತಡೆಯುವ ರಾಸಾಯನಿಕ ತುಂಬಿಸಲು ಮೂರೂವರೆ ಲಕ್ಷದ ಹತ್ತಿರದ ಲೆಕ್ಕ ಕೊಟ್ಟರು. ಮೈಯೆಲ್ಲ ತೂತಿರುವ ಮುರಕಲ್ಲಿನಲ್ಲಿ, ಅದೂ ಮಣ್ಣಿನ ಕೆಸರಿನಲ್ಲಿ ಕೂರಿಸಿದ ಗೋಡೆಯಲ್ಲಿ, ಆ ಮದ್ದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಇನ್ನೊಬ್ಬರು ನಾಲ್ಕಡಿ ಎತ್ತರಕ್ಕೆ ಗ್ರಾನೈಟ್ ಅಂಟಿಸಿ ಎಂದರು. ಅಂಟಿಸಿದರೆ ಉಪ್ಪು ಐದನೆಯ ಅಡಿಯಲ್ಲಿ ಹೊರಗೆ ಬರುತ್ತದೆ, ಅಷ್ಟೇ. ಕೆಡವಿ ಕಟ್ಟಿಸಿ ಎಂದವರೇ ಹೆಚ್ಚು. ಅವರಿಗೆ ಸಿಆರ್‌ಝಡ್ ಎಂಬ ಕರಾವಳಿ ನಿಯಂತ್ರಣ ವಲಯದ ನಿಯಮ ನೆನಪಿರುವುದಿಲ್ಲ. ಉಬ್ಬರದ ಗೆರೆಗೆ ಹತ್ತಿರದ ನಿರ್ಬಂಧಿತ ಪಟ್ಟಿಯಲ್ಲಿ ಅಧಿಕೃತವಾದ ಹಳೆಯ ಮನೆಯನ್ನು ರಿಪೇರಿ ಮಾಡಬಹುದು, ಮರಳಿ ಕಟ್ಟಲೂಬಹುದು, ಆದರೆ ಪಂಚಾಂಗದ (ಅಡಿಪಾಯದ ಕಟ್ಟೆಯ) ವಿಸ್ತೀರ್ಣ ಮೊದಲಿದ್ದುದನ್ನು ಮೀರಬಾರದು. 2011ರ ಅಧಿಸೂಚನೆಯಲ್ಲೂ 2019ರದ್ದರಲ್ಲೂ ಇದು ಹೀಗೆಯೇ ಇದೆ. ಎರಡಡಿ ದಪ್ಪದ ಗೋಡೆ ಕೊಟ್ಟು ಆರಿಂಚಿನದು ತೆಗೆದುಕೊಳ್ಳುವ ವ್ಯಾಪಾರ ನನಗೆ ಬೇಕಿರಲಿಲ್ಲ.

ಬಲಿಗಾರೆ ನಾನು ಕಂಡುಹಿಡಿದದ್ದಲ್ಲ. ಹಳೆಯ ಕಟ್ಟಡಗಳ ಸಂರಕ್ಷಣೆ ಮಾಡುವವರು ಉಪ್ಪು ಕುಡಿದ ಗೋಡೆಗೆ ಬಡಕಲು ಸುಣ್ಣದ ಗಾರೆ ಹಚ್ಚಿ, ಉಪ್ಪೆಲ್ಲ ಅದರಲ್ಲಿ ಹರಳುಗಟ್ಟಿದ ಮೇಲೆ ಕಿತ್ತುಬಿಡುತ್ತಾರೆ. ಗಾರೆ ಸಾಯುತ್ತದೆ, ಕಲ್ಲು ಉಳಿಯುತ್ತದೆ. ಆದರೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಈ ಕರಾವಳಿಯಲ್ಲಿ ಯಾವ ತಿಂಗಳು ಮೆತ್ತಬೇಕು, ಯಾವ ತಿಂಗಳು ಕೀಳಬೇಕು ಎಂಬ ಲೆಕ್ಕ ನನ್ನದು. ಅದರ ಹೆಸರು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ.

ಮಾಡಿನ ಕೆಲಸ ಮೊದಲು ಮುಗಿಯಿತು, ಅದನ್ನು ಹೇಳಬೇಕಾಗಿಲ್ಲ. ಸುಮಾರು ಐದು ಸಾವಿರ ಹಂಚಿನಲ್ಲಿ ಮೂರನೆಯ ಎರಡು ಪಾಲು ಹಳೆಯದೇ ನಿಂತಿತು. ಉಳಿದದ್ದನ್ನು ಕೆಡವಿದ ಮನೆಗಳಿಂದ ಹಂಚೊಂದಕ್ಕೆ ಹನ್ನೆರಡು ರೂಪಾಯಿಯಂತೆ ತಂದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಊರೂರಲ್ಲಿ ಹಂಚಿನ ಕಾರ್ಖಾನೆಗಳು ಎದ್ದವಲ್ಲ, ಒಬ್ಬರ ಅಚ್ಚಿಗೂ ಇನ್ನೊಬ್ಬರ ಅಚ್ಚಿಗೂ ಕೂದಲೆಳೆಯ ವ್ಯತ್ಯಾಸ. ಬೆರೆಸಿ ಹೊದೆಸಿದರೆ ಕಚ್ಚು ಕೂರುವುದಿಲ್ಲ, ಗಾಳಿಮಳೆಗೆ ನೀರು ಒಳಗೆ ನುಗ್ಗುತ್ತದೆ. ಹಂಚಿನ ಬೆನ್ನಿನ ಮುದ್ರೆ ನೋಡಿ ರಾಶಿ ವಿಂಗಡಿಸಿ, ಒಂದು ಮುದ್ರೆಯದ್ದನ್ನು ಒಂದೇ ಇಳಿಜಾರಿಗೆ ಹೊದೆಸಿದೆವು. ಹಂಚು ಹೊರುವ ಮರದ ಪಕ್ಕಾಸು, ರೀಪುಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ಅದರ ವಾಸನೆಯ ಬಗ್ಗೆ ಮನೆಯವಳು ಇವತ್ತಿಗೂ ಮಾತನಾಡುತ್ತಾಳೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಕೈಗವಸು ಇಲ್ಲದ ಆಳನ್ನು ಏಣಿ ಹತ್ತಿಸಬೇಡಿ.

ಸಿಮೆಂಟ್ ಕೀಳುವುದು ತಾಳ್ಮೆಯ ಕೆಲಸ. ಎದುರಿನಿಂದ ಹೊಡೆದರೆ ಕಲ್ಲಿನ ಮುಖವೂ ಜೊತೆಗೆ ಬರುತ್ತದೆ. ಮೊದಲು ಬಂದ ತಂಡ ಬ್ರೇಕರ್ ಯಂತ್ರ ತಂದಿತು. ಒಂದು ಕಿಟಕಿಯ ಕೆಳಗೆ ಕಲ್ಲುಗಳು ಹುಡಿಯಾದದ್ದೇ ಲೆಕ್ಕ ಚುಕ್ತಾ ಮಾಡಿ ಕಳುಹಿಸಿದೆ. ಆಮೇಲೆ ಸಿಕ್ಕಿದವರು ಎಪ್ಪತ್ತು ದಾಟಿದ ಮೇಸ್ತ್ರಿ. ಅಂಚಿನಲ್ಲಿ ಚಪ್ಪಟೆ ಉಳಿ ತೂರಿಸಿ, ಗೋಡೆಯ ಮೈಗುಂಟ ಮೀಟಿ, ಹಾಳೆ ಹಾಳೆಯಾಗಿ ಎಬ್ಬಿಸಿದರು. ಹನ್ನೆರಡು ನೂರು ದಿನಗೂಲಿ, ನಿಧಾನ, ನಡುವೆ ಎಲೆಯಡಿಕೆ. ಕೊಟ್ಟ ಒಂದು ರೂಪಾಯಿಗೂ ನನಗೆ ಬೇಸರವಿಲ್ಲ. ಹಾಳಾದ ಕಲ್ಲಿನ ಜಾಗಕ್ಕೆ ಹೊಸ ಮುರಕಲ್ಲು ಕೂರಿಸುವವರು ಕೋರೆಯಿಂದ ಬಂದ ದಿನವೇ ಕೂರಿಸಬಾರದು. ಒಂದು ವರ್ಷ ಅಂಗಳದಲ್ಲಿ ಬಿಸಿಲು ಮಳೆ ತಿಂದು ಗಟ್ಟಿಯಾಗಲಿ.

ಬಲಿಗಾರೆ ಮೆತ್ತಿದ್ದು ದೀಪಾವಳಿ ಕಳೆದ ಕೂಡಲೇ, ಮೂಡುಗಾಳಿ ಶುರುವಾಗುವ ಹೊತ್ತಿಗೆ. ಒಂದು ಪಾಲು ಚಿಪ್ಪಿನ ಸುಣ್ಣಕ್ಕೆ ನಾಲ್ಕರಿಂದ ಐದು ಪಾಲು ದಪ್ಪ ಹೊಯಿಗೆ (ಮರಳು). ಬೆಲ್ಲ ಬೇಡ, ಅಳಲೆಕಾಯಿ ಬೇಡ, ಗಟ್ಟಿ ಮಾಡುವ ಯಾವುದೂ ಬೇಡ. ಉಗುರಿನಲ್ಲಿ ಕೆರೆದರೆ ಉದುರುವಷ್ಟು ಬಡಕಲಾಗಿರಬೇಕು. ಅಳಿವೆಯ ಹತ್ತಿರದ ಹೊಯಿಗೆಯಲ್ಲಿ ಮೊದಲೇ ಉಪ್ಪಿರುತ್ತದೆ. ಹೊಳೆಯ ಮೇಲುಭಾಗದ್ದನ್ನು ತರಿಸಿ, ಬಾವಿ ನೀರಿನಲ್ಲಿ ಮತ್ತೆ ತೊಳೆಸಿದೆ. ಮೆತ್ತುವ ಮೊದಲು ಗೋಡೆಗೆ ಕೆಲವು ದಿನ ನೀರು ಚಿಮುಕಿಸಿ ಕಲ್ಲನ್ನು ಚೆನ್ನಾಗಿ ತೋಯಿಸಬೇಕು. ಒಳಗಿನ ಉಪ್ಪು ಕರಗಿದರೆ ತಾನೇ ಹೊರಗೆ ಬರುವುದು? ಒಣ ಗೋಡೆಗೆ ಬಲಿಗಾರೆ ಹಚ್ಚಿ, ಇದು ಕೆಲಸ ಮಾಡುವುದಿಲ್ಲ ಎಂದು ಸಾರಿದವರನ್ನು ನಾನು ಬಲ್ಲೆ. ದಪ್ಪ ಒಂದಿಂಚು. ಕರಣೆಯಿಂದ ತೀಡಿ ನುಣುಪು ಮಾಡುವಂತಿಲ್ಲ, ಮೈ ಒರಟಾಗಿಯೇ ಇರಲಿ.

ಸಂಕ್ರಾಂತಿಯ ಹೊತ್ತಿಗೆ ಕೆಳಗಿನ ಎರಡಡಿಯಲ್ಲಿ ಬಿಳಿ ನವಿರು ಎದ್ದಿತು. ನೋಡಿದವರಿಗೆಲ್ಲ ನಗುವಿನ ಹಬ್ಬ. ಮೇಸ್ತ್ರಿ ಮಾತ್ರ ಬೆರಳಿನಲ್ಲಿ ಸವರಿ ನಾಲಿಗೆಗೆ ಹಚ್ಚಿ, "ಬರುತ್ತಾ ಇದೆ" ಎಂದರು. ಯುಗಾದಿಯ ಸುಮಾರಿಗೆ ಅಷ್ಟನ್ನೂ ಕೆರೆಸಿದೆ. ಗೋಡೆಯ ಬುಡದಲ್ಲಿ ಟಾರ್ಪಾಲು ಹಾಸಿ, ಬಿದ್ದ ಹುಡಿಯನ್ನು ಅದೇ ದಿನ ಹೊರಗೆ ಸಾಗಿಸಬೇಕು. ಅಲ್ಲಿಯೇ ರಾಶಿ ಬಿಟ್ಟರೆ ಮೊದಲ ಮಳೆಗೆ ಉಪ್ಪು ಬಂದ ದಾರಿಯಲ್ಲಿಯೇ ವಾಪಸು ಹೋಗುತ್ತದೆ. ನಾಲಿಗೆಯ ಪರೀಕ್ಷೆಯ ಮೇಲೆ ನನಗೆ ಗೌರವವಿದೆ, ಆದರೂ ರಸಾಯನಶಾಸ್ತ್ರ ಕಲಿಸುವ ಗೆಳೆಯರೊಬ್ಬರಿಂದ ಒಂದಿಷ್ಟು ಸಿಲ್ವರ್ ನೈಟ್ರೇಟ್ ತಂದಿದ್ದೆ; ಉಪ್ಪಿದ್ದರೆ ಅದರ ಹನಿಗೆ ನೀರು ಬಿಳಿಯಾಗುತ್ತದೆ. ಕೆರೆದ ಹುಡಿಯನ್ನು ಬ್ಯಾಟರಿಗೆ ಹಾಕುವ ನೀರಿನಲ್ಲಿ ಕದಡಿ, ಸೋಸಿ, ಸ್ವಲ್ಪ ನೈಟ್ರಿಕ್ ಆಮ್ಲ ಸೇರಿಸಿ ಹನಿ ಬಿಟ್ಟರೆ, ಮೊದಲ ಸುತ್ತಿನದ್ದು ದಟ್ಟ ಬಿಳಿ. ಮರುವರ್ಷ ಕೆಳಗಿನ ಮೂರಡಿಗೆ ಮಾತ್ರ ಎರಡನೆಯ ಸುತ್ತು ಮಾಡಿದೆ. ಅದರ ಹುಡಿಯಲ್ಲಿ ಬರಿಯ ಮಬ್ಬು. ಅಲ್ಲಿಗೆ ನಿಲ್ಲಿಸಿದೆ.

ಖರ್ಚು ನೆನಪಿನಿಂದ ಹೇಳುವುದಾದರೆ, ಮೊದಲ ಸುತ್ತಿಗೆ ಎಪ್ಪತ್ತೈದು ಸಾವಿರದ ಹತ್ತಿರ, ಎರಡನೆಯದಕ್ಕೆ ಮೂವತ್ತೈದು. ಇದರಲ್ಲಿ ಮುಕ್ಕಾಲು ಪಾಲು ಕೂಲಿ. ಸುಣ್ಣ ಆಗ ಕಿಲೋಗೆ ಇಪ್ಪತ್ತರ ಆಸುಪಾಸಿನಲ್ಲಿತ್ತು. ರಾಸಾಯನಿಕದವರ ಲೆಕ್ಕದ ಮೂರನೆಯ ಒಂದು ಪಾಲಿನಲ್ಲಿ ಮುಗಿಯಿತು. ಕಾಯುವ ತಾಕತ್ತು ಮಾತ್ರ ಬೇಕು: ಎರಡು ಬೇಸಿಗೆ ಮನೆ ಬೆತ್ತಲೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಕಾಗದದ ತಿರುಳು ಹಚ್ಚಿ ಉಪ್ಪು ಎಳೆಯುವ ವಿಧಾನ ಕೆತ್ತನೆಯ ಕಲ್ಲಿಗೆ ಬಳಕೆಯಲ್ಲಿದೆ. ದೇವರ ಕೋಣೆಯ ಹೊರಗೋಡೆಗೆ ಹಳೆಯ ಪತ್ರಿಕೆಗಳನ್ನು ನೆನೆಸಿ, ಅರೆದು, ಹಚ್ಚಿಸಿದೆ. ಉಪ್ಪು ಬಂತೋ ಇಲ್ಲವೋ, ಒರಲೆ (ಗೆದ್ದಲು) ಖಂಡಿತ ಬಂತು. ವಾರ ಕಳೆಯುವುದರೊಳಗೆ ಮಣ್ಣಿನ ಗೆರೆಗಳು ಬಾಗಿಲ ದಾರಂದದವರೆಗೆ ತಲುಪಿದ್ದವು. ನಮ್ಮ ಕಡೆಯ ಮನೆಗೆ ಕಾಗದ ಸಲ್ಲದು.

ಕೊನೆಯ ಗಾರೆಗೆ ಸುಣ್ಣವನ್ನು ತಿಂಗಳುಗಟ್ಟಲೆ ಗುಂಡಿಯಲ್ಲಿ ಕೊಳೆಹಾಕಿದ್ದೆ. ಅರೆಯಲು ಗಾಣವಿಲ್ಲ, ಹೋಟೆಲೊಂದರಿಂದ ಗುಜರಿಗೆ ಹೊರಟಿದ್ದ ದೊಡ್ಡ ಕಲ್ಲಿನ ಗ್ರೈಂಡರನ್ನು ನಾಲ್ಕು ಸಾವಿರಕ್ಕೆ ಹಿಡಿದೆ. ಒಂದಕ್ಕೆ ಮೂರರ ಅಡಿಪದರ, ಒಂದಕ್ಕೆ ಎರಡರ ಮೇಲ್ಪದರ, ಬೆಲ್ಲದ ನೀರು, ಗುಳಮಾವಿನ ತೊಗಟೆಯ ಲೋಳೆ. ಲೋಳೆ ಎಷ್ಟು, ಯಾವ ಹಂತದಲ್ಲಿ ಎನ್ನುವುದನ್ನು ಬರೆಯುವುದಿಲ್ಲ. ಇನ್ನೊಂದು ವಸ್ತುವೂ ಬೀಳುತ್ತದೆ, ಅದು ಮೇಸ್ತ್ರಿಯವರ ಸೊತ್ತು. ಕೇಳಬೇಕೆನಿಸಿದವರು ಅವರನ್ನು ಕೆಲಸಕ್ಕೆ ಕರೆಯಿರಿ, ಅವರಿಗೂ ನಾಲ್ಕು ಕಾಸು ಸಿಗಲಿ.

ಗೋಡೆ ಗೆದ್ದ ಮೇಲೆ ಅಲಂಕಾರ ಸುಲಭ. ಮನೆಯಲ್ಲಿ ಮೊದಲೇ ಇದ್ದ ಬಣ್ಣಗಳ ಹೊರಗೆ ಹೋಗಲಿಲ್ಲ: ಸುಣ್ಣದ ಬಿಳಿ, ಕಾವಿಯ ಕೆಂಪು, ಎಣ್ಣೆ ಕುಡಿದ ಮರದ ಕಪ್ಪು, ಹಿತ್ತಾಳೆಯ ಹಳದಿ. ಬಿಳಿಗೆ ಚಿಟಿಕೆ ನೀಲಿ. ಟೈಲ್ಸ್ ಕಿತ್ತಾಗ ಅಡಿಯ ಕೆಂಪು ನೆಲ ಮುಕ್ಕಾಲು ಪಾಲು ಜೀವಂತವಿತ್ತು. ಬಿರುಕು ತುಂಬಿ, ತಿಂಗಳುಗಟ್ಟಲೆ ತೆಂಗಿನೆಣ್ಣೆಯಲ್ಲಿ ಉಜ್ಜಿಸಿದೆ. ತೇಪೆಗಳು ಕಾಣುತ್ತವೆ, ಕಾಣಲಿ. ಗೋಡೆಗೆ ಮೊಳೆ ಇಲ್ಲ. ಮುಚ್ಚಿಗೆಯ ಕೆಳಗೆ ಸುತ್ತಲೂ ಮರದ ಪಟ್ಟಿ ಓಡಿಸಿ, ಹಿರಿಯರ ಫೋಟೋಗಳನ್ನು ಹಗ್ಗದಲ್ಲಿ, ಹಳೆಯ ಕ್ರಮದಂತೆ ಮುಂದಕ್ಕೆ ಬಾಗಿಸಿ ತೂಗಹಾಕಿದೆ; ಬೆನ್ನಿಗೆ ಗಾಳಿ ಆಡುತ್ತದೆ. ಕಪಾಟು, ಪೆಟ್ಟಿಗೆ, ಆರಾಮ ಕುರ್ಚಿ ಎಲ್ಲವೂ ಹೊರಗೋಡೆಯಿಂದ ಒಂದು ಗೇಣು ದೂರ. ವಿದ್ಯುತ್ ತಂತಿಗೆ ಗೋಡೆ ಕೊರೆಯದೆ ಮರದ ಕೇಸಿಂಗ್. ತಿರುಪುಗಳೆಲ್ಲ ಉಪ್ಪುಗಾಳಿಗೆ ಹೆಚ್ಚು ತಾಳುವ 316 ದರ್ಜೆಯ ಸ್ಟೀಲ್. 304 ಆದರೂ ಸಾಕು ಎನ್ನುವವರು ಕಡಲ ಗಾಳಿಯಲ್ಲಿ ನಾಲ್ಕು ವರ್ಷ ಇಟ್ಟು ನೋಡಲಿ.

ಚಾವಡಿಯ ಬಾಗಿಲಿನ ಮೇಲೆ ಒಂದು ಕಾವಿ ಪಟ್ಟಿ ಬರೆಸುವ ಆಸೆಯಿತ್ತು. ಉತ್ತರ ಕನ್ನಡ, ಗೋವಾದ ಹಳೆಯ ದೇವಸ್ಥಾನಗಳಲ್ಲಿ ಇರುವಂಥದ್ದು: ಬಿಳಿ ಗಾರೆಯ ಮೇಲೆ ಕೆಂಪು ಪದರ, ಹಸಿಯಿರುವಾಗಲೇ ಕೆರೆದು ಬಿಳಿ ಎಬ್ಬಿಸುವುದು. ಅಂಗಡಿಯ ರೆಡ್ ಆಕ್ಸೈಡ್ ಹಾಕಿದ ತುಂಡು ಕಣ್ಣಿಗೆ ಚುಚ್ಚಿತು. ಮುರಕಲ್ಲಿನ ಕೆಂಪು ಮಣ್ಣನ್ನು ತೇಲಿಸಿ ತೆಗೆದ ನಯ ಹುಡಿಯಲ್ಲಿ ಬಣ್ಣ ಸರಿಬಂತು, ಪದರ ಬಿರಿಯಿತು. ಈಗ ಬಿರಿಯುವುದಿಲ್ಲ, ಆದರೆ ಕೆರೆಯಲು ಸಿಗುವ ಹೊತ್ತು ಬಹಳ ಕಡಿಮೆ. ಬಳ್ಳಿಯ ಚಿತ್ತಾರದ ಅರ್ಧಕ್ಕೆ ಬರುವಷ್ಟರಲ್ಲಿ ಗಟ್ಟಿಯಾಗುತ್ತದೆ. ಸದ್ಯ ಹಿತ್ತಿಲ ಗೋಡೆಯೇ ಅಭ್ಯಾಸದ ಪಾಟಿ.

ಮಾಡು, ಮರ, ಗೋಡೆ, ನೆಲ ಎಲ್ಲ ಸೇರಿ ಇಪ್ಪತ್ತೆರಡು ಲಕ್ಷದ ಸುತ್ತಮುತ್ತ ಆಗಿದೆ, ಎರಡು ಸಾವಿರ ಚದರಡಿಗೆ ತುಸು ಹೆಚ್ಚಿನ ಮನೆಗೆ. ಬಚ್ಚಲಿಗೆ ತಾಗಿದ ಗೋಡೆ ಮಾತ್ರ ಇನ್ನೂ ಹಟ ಹಿಡಿದಿದೆ. ಅಲ್ಲಿ ಹಳೆಯ ಪೈಪು ಒಳಗೊಳಗೇ ಸೋರುತ್ತಿತ್ತು. ಪೈಪನ್ನು ಗೋಡೆಯ ಹೊರಮೈಗೆ ತಂದಾಗಿದೆ. ಹೊಯಿಗೆ ತೊಳೆಸಿ ರಾಶಿ ಹಾಕಿದ್ದೇನೆ, ದೀಪಾವಳಿ ಕಳೆದ ಮೇಲೆ ಅಲ್ಲಿಗೂ ಒಂದು ಸುತ್ತು ಬಲಿಗಾರೆ ಬೀಳಲಿದೆ.